ಟ್ರ್ಯಾಮಿನ ಅಳತೆ, ಅಪ್ಪನ ಎತ್ತರ

ಎಣ್ಣೆಯ ಬೆಲೆ ಬಿದ್ದ ವರ್ಷಗಳಲ್ಲಿ ಮಸ್ಕತ್ತಿನ ನಮ್ಮ ಆಫೀಸಿನಲ್ಲಿ ಕೆಲಸ ಇರಲಿಲ್ಲ. ಕೆಲಸ ಮಾಡುತ್ತಿರುವವರಂತೆ ಕಾಣಿಸಿಕೊಳ್ಳುವ ಕೆಲಸ ಮಾತ್ರ ಮೊದಲಿಗಿಂತ ಹೆಚ್ಚಾಗಿತ್ತು. ನಾನು ಮೈಸೂರಿನಲ್ಲಿ ಡ್ರಾಯಿಂಗ್ ಕಲಿತವನು. ಎಣ್ಣೆ ಬಾವಿಗಳಿಗೆ ಬೇಕಾದ ಪೈಪು, ಪಂಪು, ಟ್ಯಾಂಕುಗಳ ನಕ್ಷೆ ಬರೆಯುವ ಒಂದು ಕನ್ಸಲ್ಟೆನ್ಸಿಯಲ್ಲಿದ್ದೆ. ಹೊಸ ಪ್ರಾಜೆಕ್ಟುಗಳು ನಿಂತವು, ಹಳೆಯವು ಅರ್ಧಕ್ಕೇ ಮಲಗಿದವು. ಆದರೂ ಬೆಳಿಗ್ಗೆ ಏಳೂವರೆಗೆ ಹಾಜರಿ, ಸಂಜೆಯವರೆಗೆ ಕುರ್ಚಿ. ಒಂದು ದಿನ ಕಂಪನಿಯವರು ಒಬ್ಬ ತರಬೇತುದಾರನನ್ನು ಕರೆಸಿ, ಕಷ್ಟವನ್ನು ಅವಕಾಶವಾಗಿ ಬದಲಾಯಿಸಿಕೊಳ್ಳುವುದು ಹೇಗೆ ಎಂದು ನಮಗೆಲ್ಲ ಪಾಠ ಮಾಡಿಸಿದರು. ಖರ್ಚು ಉಳಿಸಬೇಕೆಂದು ಮುಂದಿನ ತಿಂಗಳಿಂದ ಅವನನ್ನೂ ಬರಬೇಡ ಎಂದರು. ಅವನು ಅದನ್ನು ಯಾವ ಅವಕಾಶವಾಗಿ ಬದಲಾಯಿಸಿಕೊಂಡನೋ ತಿಳಿಯದು.

ಅಂಥ ದಿನಗಳಲ್ಲಿ ನಾನು ಮುಂಬಯಿಯ ಹಳೆಯ ಡಬಲ್ ಡೆಕ್ಕರ್ ಟ್ರ್ಯಾಮಿನ ಮಾದರಿ ಮಾಡಲು ಹೊರಟೆ. ನಾನಾಗಿ ಹೊರಟದ್ದಲ್ಲ, ಹೊರಡಿಸಿದವರು ನಮ್ಮ ಮೇಲಿನ ಮನೆಯವರು.

ಅಲ್ ಗುಬ್ರಾದ ನಮ್ಮ ಕಟ್ಟಡದಲ್ಲಿ, ನಮ್ಮ ತಲೆಯ ಮೇಲಿನ ಫ್ಲ್ಯಾಟಿನಲ್ಲಿ ಅವರಿದ್ದರು. ಕಾರ್ಕಳದ ಕಡೆಯವರು, ಮನೆಯಲ್ಲಿ ತುಳು, ನಮ್ಮ ಜೊತೆ ಕನ್ನಡ. ದೊಡ್ಡದೊಂದು ಕಾಂಟ್ರ್ಯಾಕ್ಟಿಂಗ್ ಕಂಪನಿಯಲ್ಲಿ ಎಚ್‌ಆರ್ ಮುಖ್ಯಸ್ಥರು. ಒಳ್ಳೆಯ ಕಾಲದಲ್ಲಿ ಜನರನ್ನು ತರಿಸುವುದು ಅವರ ಕೆಲಸ, ಕೆಟ್ಟ ಕಾಲದಲ್ಲಿ ಕಳಿಸುವುದು. ಎರಡನ್ನೂ ಅವರು ಒಂದೇ ಉತ್ಸಾಹದಿಂದ ಮಾಡುತ್ತಿದ್ದರು. ಸಂಜೆ ಚಹಾಕ್ಕೆ ನಮ್ಮ ಮನೆಗೆ ಇಳಿದು ಬಂದು ಸೋಫಾದಲ್ಲಿ ಕೂತು, ಕ್ರಿಕೆಟ್ ಸ್ಕೋರು ಹೇಳುವವರ ಹಾಗೆ ಹೇಳುತ್ತಿದ್ದರು: "ಇವತ್ತು ಸ್ಟೋರಿನಲ್ಲಿ ಇಬ್ಬರು ಖಲಾಸ್ ಮಾರಾಯ್ರೆ. ಎಂತ ಮಾಡುವುದು, ಮೇಲಿಂದ ಆರ್ಡರ್." ಹೇಳಿ, ಚಹಾಕ್ಕೆ ಸಕ್ಕರೆ ಕಮ್ಮಿ ಎನ್ನುತ್ತಿದ್ದರು.

ಇದೇ ಮಹನೀಯರು ನಮ್ಮ ಕನ್ನಡದವರ ಕೂಟಕ್ಕೆ ಅಧ್ಯಕ್ಷರೂ ಆಗಿದ್ದರು. ಕೂಟ ಪ್ರತಿ ವರ್ಷ ಬೆಂಗಳೂರಿನಿಂದ ಆರ್ಕೆಸ್ಟ್ರಾ ಕರೆಸಿ, ಹಾಡುವವರಿಗೆ ಶಾಲು ಹೊದಿಸಿ, ಶಾಲು ಹೊದಿಸುವವರಿಗೂ ಶಾಲು ಹೊದಿಸಿ ಸಂಭ್ರಮ ಪಡುತ್ತಿತ್ತು. ಆ ವರ್ಷ ಪ್ರಾಯೋಜಕರು ಒಬ್ಬೊಬ್ಬರಾಗಿ ಫೋನ್ ಎತ್ತುವುದನ್ನು ಬಿಟ್ಟರು. ಆಗ ನಮ್ಮ ಅಧ್ಯಕ್ಷರಿಗೆ ಸದಸ್ಯರಲ್ಲಿ ಅಡಗಿರುವ ಪ್ರತಿಭೆ ತಟ್ಟನೆ ಕಂಡಿತು. ಹಾಡುಗಾರರ ಬದಲು ಸದಸ್ಯರೇ ಕೈಯಾರೆ ಮಾಡಿದ ವಸ್ತುಗಳ ಪ್ರದರ್ಶನ ಎಂದು ಘೋಷಿಸಿದರು.

"ನೀವು ಡ್ರಾಯಿಂಗಿನವರಲ್ವಾ, ಒಂದು ಟ್ರ್ಯಾಮ್ ಮಾಡಿ ಮಾರಾಯ್ರೆ," ಅಂದರು.

"ಟ್ರ್ಯಾಮ್ ಯಾಕೆ ಸಾರ್? ಮೈಸೂರಿನವನು ನಾನು, ಟ್ರ್ಯಾಮ್ ಕಣ್ಣಲ್ಲಿ ಕಂಡವನಲ್ಲ."

"ನಮ್ಮ ಅಪ್ಪನ ಟ್ರ್ಯಾಮ್!"

ಅಪ್ಪನ ಕಥೆ ನನಗೆ ಬಾಯಿಪಾಠವಾಗಿತ್ತು. ಕೂಟದ ಪ್ರತಿ ಭಾಷಣದಲ್ಲೂ ಅದು ಬರುತ್ತಿತ್ತು. ಅವರ ಅಪ್ಪ ಹುಡುಗನಾಗಿದ್ದಾಗಲೇ ಊರು ಬಿಟ್ಟು ಮುಂಬಯಿಗೆ ಹೋಗಿ, ದಾದರಿನ ಒಂದು ಹೋಟೆಲಿಗೆ ಸೇರಿ, ಕೊನೆಗೆ ಅಲ್ಲಿಯ ಗಲ್ಲಾದಲ್ಲಿ ಕೂತವರು. ಹೋಟೆಲಿನ ಎದುರಿಗೇ ಟ್ರ್ಯಾಮು ನಿಲ್ಲುತ್ತಿತ್ತಂತೆ. ಮೇಲಂತಸ್ತಿನಲ್ಲಿ ಕೂತ ಗಿರಾಕಿಗಳು ಕೂಗಿ ಹೇಳಿದರೆ ಅಪ್ಪ ರಸ್ತೆಯಲ್ಲಿ ನಿಂತು, ಕೈ ಎತ್ತಿ, ಮೇಲಿನ ಕಿಟಕಿಗೇ ಇಡ್ಲಿಯ ಪೊಟ್ಟಣ ಕೊಡುತ್ತಿದ್ದರಂತೆ. "ಆರಡಿ ಆಳು ಮಾರಾಯ್ರೆ! ಏಣಿ ಇಲ್ಲ, ಎಂತದೂ ಇಲ್ಲ!" ಎಂದು ನಮ್ಮ ಅಧ್ಯಕ್ಷರು ತಮ್ಮ ಐದಡಿಯ ಮೇಲಿನ ಎರಡು ಇಂಚನ್ನೂ ಹಿಗ್ಗಿಸಿ ಕೈ ಎತ್ತಿ ತೋರಿಸುತ್ತಿದ್ದರು. ತಾವು ಗಿಡ್ಡ ಆದದ್ದಕ್ಕೆ ತಾಯಿಯ ಕಡೆಯವರು ಕಾರಣ ಎಂದೂ ಸೇರಿಸುತ್ತಿದ್ದರು. ಜನ ಚಪ್ಪಾಳೆ ತಟ್ಟುತ್ತಿದ್ದರು. ಎಚ್‌ಆರ್ ಮುಖ್ಯಸ್ಥನ ಅಪ್ಪನ ಎತ್ತರವನ್ನು ಅಂಥ ಕಾಲದಲ್ಲಿ ಯಾರು ಪ್ರಶ್ನಿಸುತ್ತಾರೆ?

ನಾನು ಒಪ್ಪಿದೆ. ಅವರ ಮೇಲಿನ ಗೌರವದಿಂದಲ್ಲ, ಖಾಲಿ ಪರದೆಯನ್ನು ನೋಡಿ ನೋಡಿ ತಲೆ ಕೆಟ್ಟಿತ್ತು. ಒಪ್ಪುವಾಗ ಒಂದು ಮಾತು ಹೇಳಿದೆ: "ಮಾಡಿದರೆ ಸರಿಯಾದ ಅಳತೆಗೆ ಮಾಡ್ತೀನಿ ಸಾರ್. ಥರ್ಮೋಕೋಲಿನ ಆಟದ ಸಾಮಾನು ನನ್ನ ಕೈಲಿ ಆಗಲ್ಲ."

"ಅಳತೆ ಎಲ್ಲ ಇಂಟರ್ನೆಟ್ಟಿನಲ್ಲಿ ಉಂಟಲ್ಲ!" ಅಂದರು.

ಇಂಟರ್ನೆಟ್ಟಿನಲ್ಲಿ ಉಂಟು. ಅದೇ ತೊಂದರೆ. ಹಳೆಯ ಟ್ರ್ಯಾಮುಗಳ ಮಾದರಿ ಮಾಡುವವರದ್ದೇ ಒಂದು ಜಗತ್ತು ಅಲ್ಲಿದೆ ಎಂಬುದು ನನಗೆ ಆಗಲೇ ತಿಳಿದದ್ದು. ಎಲ್ಲರೂ ಪಂಡಿತರು. ಒಬ್ಬರು ಕೊಟ್ಟ ಉದ್ದ ಇನ್ನೊಬ್ಬರದ್ದಕ್ಕೆ ಹೊಂದುತ್ತಿರಲಿಲ್ಲ, ಮೂರನೆಯವರು ಇಬ್ಬರನ್ನೂ ಬೈದು ಎರಡರ ಸರಾಸರಿ ತೆಗೆದಿದ್ದರು. ಅವರ ಪೈಕಿ ಎಲ್ಲರೂ ಗುರು ಎಂದು ಕರೆಯುತ್ತಿದ್ದ ಒಬ್ಬ ಮಹಾಶಯ ಮುಂಬಯಿ ಟ್ರ್ಯಾಮಿನ ಪೂರ್ತಿ ನಕ್ಷೆಯನ್ನೇ ಹಾಕಿದ್ದ. ನಕ್ಷೆ ನೋಡಲು ಚೆಂದ. ಗೆರೆಗಳು ಚೊಕ್ಕ, ಅಕ್ಷರ ಮುತ್ತಿನಂಥದ್ದು. ನಾನು ಮುದ್ರಿಸಿಕೊಂಡು ಆಫೀಸಿನ ಮೇಜಿನ ಮೇಲೆ ಹರಡಿ ನೋಡಿದೆ. ಮೇಲಂತಸ್ತಿಗೆ ಹತ್ತುವ ಮೆಟ್ಟಿಲ ಮೇಲೆ ಅವನು ಬಿಟ್ಟ ಜಾಗದಲ್ಲಿ ಕಂಡಕ್ಟರು ಹತ್ತಬೇಕಾದರೆ ಮಂಡಿಯೂರಿಕೊಂಡು ಹೋಗಬೇಕಿತ್ತು. ಅಗಲವಂತೂ ಇನ್ನೂ ಅನ್ಯಾಯ. ಎದುರು ಬದುರು ಎರಡು ಟ್ರ್ಯಾಮುಗಳು ಹಾಯುವ ಒಂದು ಹಳೆಯ ಚಿತ್ರ ಅದೇ ತಾಣದಲ್ಲಿತ್ತು. ನಡುವೆ ಒಂದು ಮೊಳ ಜಾಗ ಇತ್ತು. ಈ ಪುಣ್ಯಾತ್ಮನ ಅಗಲ ಹಿಡಿದರೆ ಎರಡೂ ಒಂದರ ಹೊಟ್ಟೆ ಒಂದು ಸೀಳಿಕೊಂಡು ಹೋಗಬೇಕು.

ನಾನು ವಿನಯದಿಂದಲೇ ಬರೆದು ಕೇಳಿದೆ, ಈ ಅಗಲ ನಿಮಗೆ ಎಲ್ಲಿ ಸಿಕ್ಕಿತು ಎಂದು. "ಈ ಹವ್ಯಾಸದಲ್ಲಿ ನೀವು ಹೊಸಬರು ಅನ್ನಿಸುತ್ತದೆ," ಎಂದು ಉತ್ತರ ಬಂತು. ಕೆಳಗೆ ಅವನ ಶಿಷ್ಯರು ನಗುವ ಮುಖಗಳನ್ನು ಸಾಲಾಗಿ ಇಟ್ಟಿದ್ದರು. ಒತ್ತಿ ಒತ್ತಿ ಕೇಳಿದ ಮೇಲೆ ಹೊರಬಿದ್ದದ್ದು: ಅವನು ಅಳತೆ ತೆಗೆದದ್ದು ಒಂದು ತಗಡಿನ ಆಟಿಕೆಯಿಂದ. ಆಟಿಕೆ ಮಾಡಿದವನಿಗೆ ಮಕ್ಕಳ ಬೆರಳು ಒಳಗೆ ಹೋಗುವಷ್ಟು ಅಗಲ ಬೇಕಿತ್ತು, ಮಾಡಿಕೊಂಡಿದ್ದ. ಅದನ್ನೇ ಈ ಗುರು ದೊಡ್ಡದು ಮಾಡಿ ಟ್ರ್ಯಾಮು ಎಂದ. ಗುರು ಹೇಳಿದನೆಂದು ದೇಶವಿದೇಶದ ಗಡ್ಡಧಾರಿಗಳೆಲ್ಲ ವರ್ಷಗಟ್ಟಲೆ ಆ ಆಟಿಕೆಯನ್ನೇ ಹಿತ್ತಾಳೆಯಲ್ಲಿ, ಮರದಲ್ಲಿ ಕೊರೆದು ಬಹುಮಾನ ಹಂಚಿಕೊಂಡಿದ್ದರು.

ಹಳೆಯ ವಾಹನಗಳ ಪ್ರೇಮಿಗಳೆಂದು ಹೇಳಿಕೊಳ್ಳುವ ಮುಂಬಯಿಯ ಒಂದು ಮಂಡಳಿಗೂ ಬರೆದೆ. ಅವರು ಟ್ರ್ಯಾಮಿನ ಬಗ್ಗೆ ಒಂದಕ್ಷರ ಬರೆಯದೆ, ವಿಂಟೇಜ್ ಕಾರುಗಳ ಮೆರವಣಿಗೆಗೆ ಕುಟುಂಬ ಸಮೇತ ಬರಬೇಕೆಂದು ಆಮಂತ್ರಣ ಕಳಿಸಿದರು. ಆಮೇಲೆ ಪ್ರತಿ ವಾರ ಕಳಿಸುತ್ತಲೇ ಇದ್ದರು.

ಕೊನೆಗೆ ಅಳತೆ ಸಿಕ್ಕಿದ್ದು ನನ್ನ ತಲೆಯ ಮೇಲೆಯೇ, ಮೇಲಿನ ಮನೆಯ ಹಾಲಿನಲ್ಲಿ.

ಅಲ್ಲಿ ಗೋಡೆಗೆ ಅವರ ಅಪ್ಪನ ಫೋಟೋ ಇತ್ತು. ಗಂಧದ ಹಾರ ಹಾಕಿದ, ದೊಡ್ಡದು ಮಾಡಿಸಿದ ಕಪ್ಪುಬಿಳುಪಿನ ಚಿತ್ರ. ಎಷ್ಟೋ ಸಲ ಅದರ ಕೆಳಗೇ ಕೂತು ಗೋಳಿಬಜೆ ತಿಂದಿದ್ದೆ, ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಒಂದು ಶುಕ್ರವಾರ ಮಧ್ಯಾಹ್ನ ನೋಡಿದೆ. ಬಿಳಿ ಪಂಚೆ, ಅರ್ಧ ತೋಳಿನ ಅಂಗಿಯ ವ್ಯಕ್ತಿಯೊಬ್ಬರು ನಿಂತ ಟ್ರ್ಯಾಮಿನ ಮುಂಭಾಗಕ್ಕೆ ಒಂದು ಕೈ ಆನಿಸಿ, ನೆಟ್ಟಗೆ ನಿಂತಿದ್ದಾರೆ. ಸುತ್ತ ಬೇರೆ ಯಾರೂ ಇಲ್ಲ. ಟ್ರ್ಯಾಮು ಹೆಚ್ಚುಕಡಿಮೆ ನೇರ ಎದುರಿನಿಂದ ಕಾಣುತ್ತದೆ. ಅದರ ಬುಡದಲ್ಲಿ ಎರಡೂ ಹಳಿಗಳು ಬೆಳಗುತ್ತಿವೆ.

ಹಳಿಗಳು! ಪಂಡಿತರು ಜಗಳಾಡದ ಅಳತೆ ಅದೊಂದೇ. ಮುಂಬಯಿ ಟ್ರ್ಯಾಮಿನ ಎರಡು ಹಳಿಗಳ ನಡುವೆ ನಾಲ್ಕಡಿ ಎಂಟೂವರೆ ಇಂಚು. ಟ್ರ್ಯಾಮಿನ ಮುಖ ಹಳಿಗಳ ಮೇಲೆ ಎಲ್ಲಿ ನಿಂತಿದೆಯೋ ಅಲ್ಲಿ ಆ ಅಂತರ ಚಿತ್ರದಲ್ಲಿ ಎಷ್ಟು ಎಂದು ಅಳೆದರೆ, ಅದೇ ಮಟ್ಟದಲ್ಲಿರುವ ಎಲ್ಲದರ ಅಳತೆಯೂ ಲೆಕ್ಕಕ್ಕೆ ಸಿಗುತ್ತದೆ. ಟ್ರ್ಯಾಮಿನ ಅಗಲ, ಎತ್ತರ, ಮೇಲಂತಸ್ತಿನ ಕಿಟಕಿ, ಎಲ್ಲ. ಎತ್ತರ ಸಿಕ್ಕರೆ, ಪಕ್ಕದಿಂದ ತೆಗೆದ ಬೇರೆ ಚಿತ್ರಗಳಲ್ಲಿ ಆ ಎತ್ತರವನ್ನೇ ಹಿಡಿದು ಉದ್ದವನ್ನೂ ತೆಗೆಯಬಹುದು. ನಾನು ಫೋಟೋವನ್ನು ಕೆಳಗಿಳಿಸಿ ಕೊಡಿ ಅಂದೆ. ಅಧ್ಯಕ್ಷರು ಕಣ್ಣಿಗೊತ್ತಿಕೊಂಡು ಕೊಟ್ಟರು. ಆಫೀಸಿನ ಸ್ಕ್ಯಾನರಿನಲ್ಲಿ ಇಟ್ಟು ತೆಗೆದೆ.

ಆಮೇಲಿನ ಕೆಲವು ವಾರ ನಾನು ಸುಖವಾಗಿದ್ದೆ. ಆಫೀಸಿನ ಪರದೆಯ ಮೇಲೆಯೇ ಟ್ರ್ಯಾಮು ಬರೆದೆ. ಮೊದಲು ಎದುರಿನ ನೋಟ, ಆಮೇಲೆ ಪಕ್ಕದ್ದು, ಆಮೇಲೆ ಸುತ್ತುವ ಮೆಟ್ಟಿಲು. ನಮ್ಮ ಮ್ಯಾನೇಜರ್ ದಿನಕ್ಕೆರಡು ಸಲ ಹಿಂದಿನಿಂದ ಬಂದು ಇಣುಕುತ್ತಿದ್ದರು. ಗಾಲಿ, ಅಚ್ಚು, ಚೌಕಟ್ಟು, ಅಳತೆಯ ಬಾಣಗಳಿಂದ ತುಂಬಿದ ಪರದೆ ಅವರ ಕಣ್ಣಿಗೆ ಹಬ್ಬ. "ಪಂಪ್ ಸ್ಕಿಡ್?" ಎಂದು ಒಮ್ಮೆ ಕೇಳಿದರು. ಎಣ್ಣೆ ಬಾವಿಗೆ ಸಾಗಿಸಲು ಪಂಪನ್ನು ಕೂರಿಸುವ ಕಬ್ಬಿಣದ ಚೌಕಟ್ಟಿಗೆ ಹಾಗೆನ್ನುತ್ತಾರೆ. ಅವರು ಬೆರಳಿಟ್ಟು ತೋರಿಸುತ್ತಿದ್ದದ್ದು ಡ್ರೈವರ್ ನಿಲ್ಲುವ ಕಟ್ಟೆ. ನಾನು ತಲೆಯಾಡಿಸಿದೆ. "ಗುಡ್, ಗುಡ್," ಎಂದು ಹೋದರು. ಆ ತಿಂಗಳು ಕೆಲಸವಿಲ್ಲ ಎಂದು ಪ್ರಾಮಾಣಿಕವಾಗಿ ಕೈಕಟ್ಟಿ ಕೂತಿದ್ದ ನನ್ನ ಅಕ್ಕಪಕ್ಕದ ಇಬ್ಬರಿಗೂ ಊರಿನ ಟಿಕೆಟ್ ಆಯಿತು. ನಾನು ಉಳಿದೆ. ಇಪ್ಪತ್ತು ವರ್ಷ ಪಂಪುಗಳ ಮಧ್ಯೆ ಬದುಕಿದ ಮನುಷ್ಯನಿಗೆ ಪಂಪಿಗೂ ಟ್ರ್ಯಾಮಿಗೂ ವ್ಯತ್ಯಾಸ ತಿಳಿಯಲಿಲ್ಲ, ಅದರಿಂದ ನನ್ನ ಹೊಟ್ಟೆ ತುಂಬಿತು. ಯಾರನ್ನು ಬೈಯಬೇಕೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ನಕ್ಷೆ ಮುಗಿದ ಮೇಲೆ ದೊಡ್ಡ ಹಾಳೆಯಲ್ಲಿ ಮುದ್ರಿಸಿ ಮನೆಗೆ ತಂದು ಊಟದ ಮೇಜಿನ ಮೇಲೆ ಹರಡಿದೆ. ಅಧ್ಯಕ್ಷರು ಕೆಳಗಿಳಿದು ಬಂದರು. ಕನ್ನಡಕ ಏರಿಸಿ, ಮೆಚ್ಚಿ, ತಲೆದೂಗಿ ನೋಡಿದರು. ನಕ್ಷೆ ಬರೆಯುವವರು ಗಾತ್ರ ತಿಳಿಯಲೆಂದು ಪಕ್ಕದಲ್ಲಿ ಒಬ್ಬ ಮನುಷ್ಯನ ಆಕೃತಿ ಇಡುವುದು ವಾಡಿಕೆ. ಚಿತ್ರದಲ್ಲಿ ಅಪ್ಪ ಟ್ರ್ಯಾಮಿನ ಮುಖಕ್ಕೇ ಒತ್ತಿ ನಿಂತಿದ್ದರಿಂದ ಅವರನ್ನೇ ಅಳೆದು ಇಟ್ಟಿದ್ದೆ. ಎಲ್ಲದರ ಪಕ್ಕವೂ ಅಳತೆ ಬರೆಯುವ ಚಾಳಿ. ಅವರ ಪಕ್ಕವೂ ಬರೆದಿದ್ದೆ.

"ಇದು ಎಂತದು ಸಾವಿರದ ಆರುನೂರು?"

"ಮಿಲಿಮೀಟರ್ ಸಾರ್. ಅದು ನಿಮ್ಮ ಅಪ್ಪ."

ಅವರು ಫೋನ್ ತೆಗೆದು ಅಡಿಗೆ ತಿರುಗಿಸಿದರು. ಇನ್ನೊಮ್ಮೆ ತಿರುಗಿಸಿದರು. ಮುಖ ಕೆಂಪಾಯಿತು.

"ಐದಡಿ ಮೂರಿಂಚಾ? ತಲೆ ಸಮ ಉಂಟಾ ನಿಮಗೆ? ನಮ್ಮ ಅಪ್ಪ ಆರಡಿ ಮಾರಾಯ್ರೆ!"

"ಹಳಿ ಲೆಕ್ಕಕ್ಕೆ ಇಷ್ಟೇ ಬರತ್ತೆ ಸಾರ್. ಒಂದು ಇಂಚು ಆ ಕಡೆ ಈ ಕಡೆ ಇರಬಹುದು."

"ಹಾಗಾದರೆ ನಿಮ್ಮ ಟ್ರ್ಯಾಮು ಸಣ್ಣ ಆಗಿದೆ. ಅಪ್ಪನನ್ನು ಆರಡಿ ಮಾಡಿ, ಟ್ರ್ಯಾಮನ್ನು ಅದಕ್ಕೆ ಸರಿಯಾಗಿ ದೊಡ್ಡದು ಮಾಡಿ."

"ಟ್ರ್ಯಾಮ್ ದೊಡ್ಡದಾದ್ರೆ ಹಳಿಯಿಂದ ಆಚೆ ಬೀಳತ್ತೆ ಸಾರ್. ಹಳಿ ದೊಡ್ಡದು ಮಾಡಕ್ಕೆ ಮುಂಬಯಿ ರಸ್ತೆ ಅಗೀಬೇಕು."

"ಹಳಿ ನನಗೆ ಬೇಡ. ನಾನು ಅವರ ಹೆಗಲ ಮೇಲೆ ಕೂತವ. ನೀವು ಕೂತಿದ್ದೀರಾ?"

ಅವರ ಅಪ್ಪ ತೀರಿಕೊಂಡಾಗ ಅವರು ನಾಲ್ಕನೇ ಕ್ಲಾಸಿನಲ್ಲಿದ್ದರಂತೆ. ನಾಲ್ಕನೇ ಕ್ಲಾಸಿನವನ ಕಣ್ಣಿಗೆ ಹೋಟೆಲಿನ ಮೇಜೂ ಬೆಟ್ಟದಷ್ಟಿರುತ್ತದೆ. ಇಷ್ಟು ಸಣ್ಣ ವಿಷಯ ಸಾವಿರಾರು ಜನರ ಯೋಗ್ಯತೆ ಅಳೆಯುವ ಈ ಮನುಷ್ಯನಿಗೆ ಹೊಳೆಯಲಿಲ್ಲವಲ್ಲ ಎಂದು ನನಗೆ ಒಳಗೇ ನಗು. ಜೊತೆಗೆ, ಪೊಟ್ಟಣದ ಕಥೆಯೂ ಬಿದ್ದುಹೋಗಿತ್ತು. ಮೇಲಂತಸ್ತಿನ ಕಿಟಕಿ ರಸ್ತೆಯಿಂದ ಹತ್ತಡಿಗೂ ಮೇಲಿತ್ತು. ಐದಡಿ ಮೂರಿಂಚು ಬಿಡಿ, ಆರಡಿಯ ಆಳು ಕೈ ಎತ್ತಿ ಹಾರಿದರೂ ಅಲ್ಲಿಗೆ ಮುಟ್ಟುವುದು ಕಷ್ಟ. ಅದನ್ನೂ ಹೇಳೋಣ ಎಂದು ಬಾಯಿ ತೆರೆದೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಕಣ್ಣು ಬಿಟ್ಟಳು. ಮುಚ್ಚಿಕೊಂಡೆ.

ಅವರು ಬಾಗಿಲವರೆಗೆ ಹೋಗಿ ತಿರುಗಿ, "ಟ್ರ್ಯಾಮ್ ನಿಮ್ಮದು, ನಿಮ್ಮ ಇಷ್ಟ. ಅಪ್ಪ ನನ್ನವರು, ಅವರನ್ನು ನಾನೇ ತರ್ತೇನೆ," ಅಂದರು. ಆ ಸಂಜೆಯಿಂದ ಚಹಾಕ್ಕೆ ಬರುವುದನ್ನು ಬಿಟ್ಟರು. ಮನೆಯಲ್ಲಿ ಸಕ್ಕರೆ ಉಳಿಯಿತು.

ನಾನು ಟ್ರ್ಯಾಮು ಕಟ್ಟಿದೆ. ಒಂದು ಅಡಿಗೆ ಅರ್ಧ ಇಂಚಿನ ಲೆಕ್ಕ. ಬರ್ಕಾದ ಒಂದು ಬಡಗಿ ಅಂಗಡಿಯಿಂದ ತೆಳು ಪ್ಲೈವುಡ್ಡಿನ ತುಂಡುಗಳನ್ನು ತಂದೆ. ಕಿಟಕಿಯ ಚೌಕಟ್ಟಿಗೆ ಅಂಗಿ ಪೊಟ್ಟಣದೊಳಗಿನ ರಟ್ಟು, ಮೆಟ್ಟಿಲ ಕಂಬಿಗೆ ತಂತಿ. ರಜೆಯ ದಿನಗಳೆಲ್ಲ ಅದರಲ್ಲೇ ಹೋದವು. ಎಂಟನೇ ಕ್ಲಾಸಿನ ಮಗಳು ಒಮ್ಮೆ ಬಂದು ನಿಂತು, "ಇಟ್ಸ್ ಜಸ್ಟ್ ಎ ಬಸ್, ಅಪ್ಪ," ಎಂದು ಹೋದಳು. ಅರ್ಧ ಮಿಲಿಮೀಟರಿನ ತಪ್ಪಿಗೆ ಒಂದು ಪಕ್ಕವನ್ನೇ ಕಿತ್ತು ಮತ್ತೆ ಮಾಡಿದೆ. ಯಾರಿಗೆ ಗೊತ್ತಾಗುತ್ತಿತ್ತು ಎಂದು ಹೆಂಡತಿ ಕೇಳಿದಳು. ನನಗೆ ಗೊತ್ತಾಗುತ್ತಿತ್ತು.

ಅಷ್ಟರಲ್ಲಿ ಮೇಲಿನ ಮನೆಗೆ ಅಧ್ಯಕ್ಷರ ತಾಯಿ ವಿಸಿಟ್ ವೀಸಾದಲ್ಲಿ ಬಂದರು. ಎಂಬತ್ತರ ಹತ್ತಿರದವರು, ನೆಟ್ಟನೆ ಬೆನ್ನು, ಮಗನಿಗಿಂತ ಅರ್ಧ ಗೇಣು ಎತ್ತರ. ತಾಯಿಯ ಕಡೆಯಿಂದ ಬಂದದ್ದು ಎಂದು ಮಗ ಹೇಳಿಕೊಂಡು ತಿರುಗುತ್ತಿದ್ದ ಗಿಡ್ಡತನ ಹೀಗಿತ್ತು! ಮೊದಲ ದಿನವೇ ಲಿಫ್ಟಿನಲ್ಲಿ ಸಿಕ್ಕಿ ನನ್ನ ಹೆಂಡತಿಯನ್ನು ವಿಚಾರಿಸಿಕೊಂಡರು. ಇಲ್ಲಿ ಎಲ್ಲದಕ್ಕೂ ಕಾರು ಹತ್ತಬೇಕು, ಅಂಗಡಿಗೆ ನಡೆದು ಹೋಗುವುದಕ್ಕೂ ದಾರಿ ಇಲ್ಲ, ಇದೆಂಥ ಊರು ಎಂದರು. ಟ್ರ್ಯಾಮಿನ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಅಮ್ಮನಿಗೆ ಸರ್‌ಪ್ರೈಸ್ ಅಂತೆ.

ಪ್ರದರ್ಶನ ರೂವಿಯ ಒಂದು ಹೋಟೆಲಿನ ಸಭಾಂಗಣದಲ್ಲಿ, ಶುಕ್ರವಾರ ಸಂಜೆ. ನಮ್ಮವರ ಪ್ರತಿಭೆ ಮೇಜುಗಳ ಮೇಲೆ ಸಾಲಾಗಿತ್ತು. ಬಾಟಲಿಗೆ ಬಣ್ಣ ಬಳಿದವರು ಬಹಳ ಜನ. ಬೆಂಕಿಕಡ್ಡಿಯ ಮೈಸೂರು ಅರಮನೆಯೊಂದಿತ್ತು, ಕಡ್ಡಿ ಮುಗಿಯಿತು ಎಂದು ಎಡಗಡೆಯ ಗೋಪುರವನ್ನೇ ಬಿಟ್ಟಿದ್ದರು. ನಮ್ಮೂರಿನ ಅರಮನೆಗೆ ಆದ ಗತಿ ನೋಡಿ ಮುಂದೆ ಹೋದೆ. ನನ್ನ ಟ್ರ್ಯಾಮು ನಡುವಿನ ಮೇಜಿನ ಮೇಲಿತ್ತು. ಬೆಳಿಗ್ಗೆ ನಾನೇ ಇಟ್ಟುಹೋಗಿದ್ದೆ. ಈಗ ಅದರ ಪಕ್ಕದಲ್ಲಿ ಒಂದು ರಾಕ್ಷಸ ನಿಂತಿತ್ತು.

ಹಮ್ರಿಯಾದ ಯಾವುದೋ ಅಂಗಡಿಯಿಂದ ತಂದ ಪ್ಲಾಸ್ಟಿಕ್ ಕುಸ್ತಿಪಟು. ತೋಳಿನ ಮಾಂಸಖಂಡ ಹಾಗೆಯೇ ಇತ್ತು, ಸೊಂಟಕ್ಕೆ ಕರವಸ್ತ್ರದ ಪಂಚೆ ಸುತ್ತಿ, ಎದೆಗೆ ಬಿಳಿ ಬಣ್ಣದ ಅಂಗಿ ಬಳಿದಿದ್ದರು. ಒಂದು ಕೈ ಮೇಲೆತ್ತಿತ್ತು, ಎದುರಾಳಿಯನ್ನು ಕೆಡವಲು ಎತ್ತಿದ್ದು. ಆ ಕೈಗೆ ಥರ್ಮೋಕೋಲಿನ ಪೊಟ್ಟಣ ಅಂಟಿಸಿದ್ದರು. ನಾಲ್ಕೂವರೆ ಇಂಚಿನ ಗೊಂಬೆ. ನನ್ನ ಲೆಕ್ಕಕ್ಕೆ ತಿರುಗಿಸಿದರೆ ಒಂಬತ್ತು ಅಡಿಯ ಮನುಷ್ಯ. ಪೊಟ್ಟಣವೇನೋ ಮೇಲಿನ ಕಿಟಕಿಗೆ ಸರಿಯಾಗಿ ತಲುಪಿತ್ತು.

ಜನ ಮುತ್ತಿಕೊಂಡು ಸೆಲ್ಫಿ ತೆಗೆಯುತ್ತಿದ್ದರು. "ಎಷ್ಟು ನ್ಯಾಚುರಲ್ ಆಗಿದೆ!" ಎಂದು ಒಬ್ಬರು ನನ್ನ ಕೈ ಕುಲುಕಿದರು. ಅವರು ಕಟ್ಟಡಗಳ ಸ್ಟ್ರಕ್ಚರಲ್ ಎಂಜಿನಿಯರ್. ಆ ದಿನದಿಂದ ಅವರು ಲೆಕ್ಕ ಹಾಕಿದ ಕಟ್ಟಡಗಳ ಕೆಳಗೆ ನಾನು ಕಾರು ನಿಲ್ಲಿಸುವುದಿಲ್ಲ.

ಅಧ್ಯಕ್ಷರು ತಾಯಿಯ ಕೈ ಹಿಡಿದು ಕರೆತಂದರು. ಹಿಂದೆ ಸಮಿತಿ, ಅದರ ಹಿಂದೆ ಕ್ಯಾಮೆರಾ. ಅಮ್ಮ ಮೇಜಿನ ಮುಂದೆ ನಿಂತು ಟ್ರ್ಯಾಮನ್ನು ನೋಡಿದರು. ಬಾಗಿ ಮೆಟ್ಟಿಲೊಳಗೆ ಇಣುಕಿದರು. ಮುಖದಲ್ಲಿ ಏನೋ ಅರಳಿತು. ಆಮೇಲೆ ಗೊಂಬೆಯತ್ತ ತಿರುಗಿದರು.

"ಇವ ಯಾರು ಮಗಾ? ಪೊಲೀಸಾ?"

"ಅಪ್ಪ, ಅಮ್ಮಾ."

"ಯಾರ ಅಪ್ಪ?"

ಹಿಂದಿದ್ದವರು ಯಾರೋ ಕಿಸಕ್ಕನೆ ನಕ್ಕು ಕೆಮ್ಮಿದರು. ಅಧ್ಯಕ್ಷರು ತಗ್ಗಿದ ದನಿಯಲ್ಲಿ, "ನಮ್ಮ ಅಪ್ಪ. ಮೇಲೆ ಇಡ್ಲಿ ಕೊಡ್ತಾ ಇರುವುದು," ಅಂದರು.

"ನಿನ್ನ ಅಪ್ಪ ನನ್ನ ಕಿವಿಯವರೆಗೆ ಬರ್ತಿದ್ದರು. ಮದುವೆಯ ಫೋಟೋಕ್ಕೆ ಅವರನ್ನು ಮಣೆಯ ಮೇಲೆ ನಿಲ್ಲಿಸಿದ್ದು. ಇದು ಎಂತ ಭೂತದ ಹಾಗೆ ಉಂಟು!"

ಕ್ಯಾಮೆರಾದವನು ಕ್ಯಾಮೆರಾ ಇಳಿಸಬೇಕೋ ಬೇಡವೋ ತಿಳಿಯದೆ ಇಳಿಸಲಿಲ್ಲ. ನನಗೆ ಗೆದ್ದ ಸಂತೋಷ ಆಗಬೇಕಿತ್ತು. ಸ್ವಲ್ಪ ಆಯಿತು ಕೂಡ. ಆದರೆ ನನ್ನ ತಲೆಯಲ್ಲಿ ಇನ್ನೊಂದು ಲೆಕ್ಕ ಬಾಕಿ ಇತ್ತು. ಕೇಳಿಯೇಬಿಟ್ಟೆ.

"ಮತ್ತೆ ಪೊಟ್ಟಣ ಮೇಲಕ್ಕೆ ಹೇಗೆ ಕೊಡ್ತಿದ್ರು ಅಮ್ಮ? ಕಿಟಕಿ ಹತ್ತಡಿ ಮೇಲಿದೆ."

ಅಮ್ಮ ನನ್ನನ್ನು ನೋಡಿದರು, ಇಷ್ಟೂ ಗೊತ್ತಿಲ್ಲವೇ ಎಂಬಂತೆ. "ಕೋಲಿನಲ್ಲಿ. ಹೋಟೆಲಿನ ಶಟರ್ ಎಳೆಯುವ ಕೋಲು ಉಂಟಲ್ಲ, ತುದಿಗೆ ಕೊಕ್ಕೆ ಇರುವುದು? ಪೊಟ್ಟಣದ ನೂಲನ್ನು ಅದಕ್ಕೆ ಸಿಕ್ಕಿಸಿ ಮೇಲೆ ಹಿಡಿಯುವುದು. ಟ್ರ್ಯಾಮು ಹೊರಟರೆ ಕೋಲು ಎತ್ತಿಕೊಂಡು ಜೊತೆಗೇ ಓಡುವುದು. ಹೋಟೆಲಿನ ಎದುರಿನ ಮಾಳಿಗೆಯಲ್ಲಿ ನಮ್ಮ ಸೋದರಮಾವನ ಬಿಡಾರ. ನಾನು ಕಿಟಕಿಯಲ್ಲಿ ನಿಂತು ದಿನಾ ನೋಡ್ತಿದ್ದೆ. ನಗು ಬಂದು ಸಾಕಾಗ್ತಿತ್ತು." ಹೇಳುತ್ತ ಹೇಳುತ್ತ ಅವರು ನಗತೊಡಗಿದರು. "ಆಮೇಲೆ ಸಂಬಂಧ ಬಂತು. ಗಂಡು ಗಿಡ್ಡ ಆಯಿತು ಅಂತ ಮನೆಯವರಿಗೆಲ್ಲ ಬೇಜಾರು. ನಾನು ಹೇಳಿದೆ, ಆ ಕೋಲಿನವರಾದರೆ ಆಗಬಹುದು ಅಂತ."

ಸೆರಗಿನಿಂದ ಕಣ್ಣೊರೆಸಿಕೊಂಡು ಗೊಂಬೆಯನ್ನು ಎತ್ತಿ ಮಗನ ಕೈಗೆ ಕೊಟ್ಟರು. "ಇದನ್ನು ಅಂಗಡಿಗೆ ವಾಪಸು ಕೊಡು."

ಅಧ್ಯಕ್ಷರು ಗೊಂಬೆ ಹಿಡಿದು ನಿಂತೇ ಇದ್ದರು. ಆರಡಿಯ ಅಪ್ಪನನ್ನು ಅಷ್ಟು ವರ್ಷ ವೇದಿಕೆಯಿಂದ ವೇದಿಕೆಗೆ ಹೊತ್ತ ಮನುಷ್ಯ. ಅದಕ್ಕಿಂತ ನೂರು ಪಾಲು ಚೆಂದದ ಅಪ್ಪ ತಾಯಿಯ ಬಾಯಲ್ಲಿದ್ದರು, ಒಮ್ಮೆಯೂ ಕೇಳಿರಲಿಲ್ಲ. ಆ ಗಳಿಗೆಯಲ್ಲಿ ಅವರ ಮೇಲೆ ನನಗೆ ಮರುಕ ಬಂತು. ಅದು ಬಹಳ ಹೊತ್ತು ಉಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಮೈಕಿನ ಮುಂದೆ ನಿಂತು ಅವರು, "ಎತ್ತರ ಮುಖ್ಯ ಅಲ್ಲ, ಎತ್ತರದ ಮನಸ್ಸು ಮುಖ್ಯ ಎಂದು ನಮ್ಮ ಅಪ್ಪ ತೋರಿಸಿಕೊಟ್ಟರು," ಎಂದು ಶುರು ಮಾಡಿದರು. ಅದೇ ಜನ, ಅದೇ ಚಪ್ಪಾಳೆ.

ಅಮ್ಮ ಊರಿಗೆ ಹೊರಡುವ ಮೊದಲು ನಾನು ಸರಿಯಾದ ಅಳತೆಯ ಒಬ್ಬ ಮನುಷ್ಯನನ್ನು ಮರದಲ್ಲಿ ಕೆತ್ತಿದೆ. ಎರಡೂವರೆ ಇಂಚಿಗಿಂತ ಒಂದು ಚೂರು ಹೆಚ್ಚು. ತಲೆಯ ಮೇಲೆತ್ತಿದ ಕೋಲು, ತುದಿಯಲ್ಲಿ ತಂತಿಯ ಕೊಕ್ಕೆ. ಅವರು ಅಂಗೈಯಲ್ಲಿಟ್ಟು ನೋಡಿ, ಹೊಟ್ಟೆ ಇನ್ನೂ ಸ್ವಲ್ಪ ಇರಬೇಕಿತ್ತು ಎಂದರು. ಇಟ್ಟುಕೊಂಡರು.

ಮುಂದಿನ ಬೇಸಿಗೆಗೆ ಅಧ್ಯಕ್ಷರ ಕಂಪನಿಯಲ್ಲಿ ಕಳಿಸಲು ಬೇರೆ ಯಾರೂ ಉಳಿಯಲಿಲ್ಲ. ಕಳಿಸುವವರೇ ಉಳಿದಿದ್ದರು, ಅವರನ್ನೂ ಕಳಿಸಿದರು. ಕಂಪನಿಯ ಒಡೆಯ, ವೀಸಾ ಕೊಟ್ಟ ಕಫೀಲನ ಮಗ ಕರೆದು, ಅರಬರ ಕಾಫಿ ಕಾವಾ ಕೊಟ್ಟು ಹೇಳಿದನಂತೆ. ಆ ಸಂಜೆ ಅವರು ಬಹಳ ದಿನಗಳ ಮೇಲೆ ನಮ್ಮ ಮನೆಗೆ ಇಳಿದು ಬಂದು ಸೋಫಾದಲ್ಲಿ ಕೂತರು. ಖಲಾಸ್ ಎಂಬ ಮಾತು ಬಾಯಿಂದ ಬರಲಿಲ್ಲ. "ನಾವು ಹೊರಟೆವು ಮಾರಾಯ್ರೆ," ಎಂದಷ್ಟೇ ಅಂದರು. ಹೆಂಡತಿ ಕೇಳದೆಯೇ ಚಹಾಕ್ಕೆ ಸಕ್ಕರೆ ಹೆಚ್ಚು ಹಾಕಿದಳು. ಕುಡಿದು, ಅಮ್ಮ ಫೋನಿನಲ್ಲಿ ಟ್ರ್ಯಾಮು ಕೇಳಿದ್ದಾರೆ, ಕೊಡುತ್ತೀರಾ ಎಂದರು.

ಕೊಡಲು ನನಗೆ ಮನಸ್ಸಿರಲಿಲ್ಲ. ಆದರೂ ಮಾಡಿನ ಮೇಲೆ ವಿದ್ಯುತ್ ತಂತಿಗೆ ತಾಗುವ ಸರಳನ್ನು ಕಳಚಿ, ಹಳೆಯ ಟವಲಿನಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಕೊಟ್ಟೆ. ಅವರು ಅದನ್ನು ಎದೆಗೆ ಅವಚಿಕೊಂಡು ಮಂಗಳೂರಿನ ವಿಮಾನ ಹತ್ತಿದರು.

ಹದಿನೈದು ದಿನ ಕಳೆದಿರಬಹುದು, ಅಮ್ಮನ ಫೋನ್ ಬಂತು. ಟಿವಿಯ ಪಕ್ಕ ಇಟ್ಟಿದ್ದಾರಂತೆ, ಬಂದವರಿಗೆಲ್ಲ ತೋರಿಸುತ್ತಾರಂತೆ. ನಾನು ಅಳತೆ ಹೇಗೆ ತೆಗೆದೆ ಎಂಬುದನ್ನು ಹಳಿಯಿಂದ ಹಿಡಿದು ವಿವರಿಸತೊಡಗಿದೆ. ಹೊಗಳಿಕೆಗೆ ಕಾಯುತ್ತಿದ್ದೆ, ಇನ್ನೇನು.

"ಅದೆಲ್ಲ ಸರಿ," ಎಂದು ನಡುವೆಯೇ ನಿಲ್ಲಿಸಿದರು. "ಆದರೆ ಟ್ರ್ಯಾಮು ಇಷ್ಟು ಚೊಕ್ಕ ಇರಲಿಲ್ಲ ಮಾರಾಯ್ರೆ. ಮೆಟ್ಟಿಲ ಹತ್ತಿರ ಎಲೆಯಡಿಕೆ ಉಗಿದ ಕಲೆ ಇತ್ತು, ಎಡ ಬದಿಯಲ್ಲಿ. ನೀವು ಹಾಕಲಿಲ್ಲ. ಮೊನ್ನೆ ನಾನೇ ಹಾಕಿದೆ, ಕುಂಕುಮ ಎಣ್ಣೆ ಕಲಸಿ."

ಅರ್ಧ ಮಿಲಿಮೀಟರಿಗಾಗಿ ನಾನು ಕಿತ್ತು ಮತ್ತೆ ಕಟ್ಟಿದ್ದು ಅದೇ ಬದಿ.